ಖಾಲಿ ಬೀರು

ಪೇಟೆಯ ಮೂಲೆಯಲ್ಲಿ ಗಡಿಯಾರ ರಿಪೇರಿ ಮಾಡುವವನಿಗೆ ಅಕ್ಕಪಕ್ಕದ ಅಂಗಡಿಯವರು ಇಟ್ಟಿದ್ದ ಹೆಸರು ಭೂತಗನ್ನಡಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೂರುತ್ತಾನೆ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ತರಕಾರಿ ಕೊಳ್ಳಲು ಹೋದರೆ ತಕ್ಕಡಿಯ ಕೆಳಗೂ ಬಗ್ಗಿ ನೋಡುವ ಆಸಾಮಿ ಅವನು. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಹೆಂಡತಿ ನಗುತ್ತಿದ್ದಳು: “ನಾನು ನಿಮ್ಮ ನಾಡಿ ಹಿಡಿದು ಎಪ್ಪತ್ತೆರಡು ಅಂದ್ರೆ, ನೀವು ಇನ್ನೊಂದು ಕೈ ಹಿಡಿದು ಎಣಿಸಿ ನೋಡ್ತೀರಿ.”

ಮೂವರ ಸಂಸಾರ. ಅವನು, ಹೆಂಡತಿ, ಜೊತೆಗೆ ಹೆಂಡತಿಯ ತಾಯಿ. ವಾಸ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಅತ್ತೆಯ ಮಂಡಿ ಎರಡು ವರ್ಷದಿಂದ ಮಾತು ಕೇಳುತ್ತಿರಲಿಲ್ಲ. ಒಮ್ಮೆ ಕೆಳಗಿಳಿದರೆ ಮತ್ತೆ ಹತ್ತುವುದು ಹೇಗೆಂದು ಹೆದರಿ ಅವರು ತಿಂಗಳುಗಟ್ಟಲೆ ಬೀದಿಯನ್ನೇ ನೋಡಿರಲಿಲ್ಲ. ಕೊನೆಗೆ ನಾಲ್ಕು ಕಿಲೋಮೀಟರ್ ಆಚೆ ಒಂದು ಗಲ್ಲಿಯಲ್ಲಿ ನೆಲಮಹಡಿಯ ಮನೆ ಸಿಕ್ಕಿತು. ಮುಂಗಡ ಕೊಟ್ಟಾಯಿತು. ಉಳಿದದ್ದು ಸಾಮಾನು ಸಾಗಿಸುವ ಕೆಲಸ. ಭೂತಗನ್ನಡಿಗೆ ನಿದ್ದೆ ಹಾರಿಹೋದದ್ದು ಅಲ್ಲಿಂದ.

ಮೊದಲು ಫೋನ್ ಮಾಡಿದ ಕಂಪನಿಯವನು ಮನೆ ನೋಡುವ ಮಾತೇ ಎತ್ತಲಿಲ್ಲ.

“ಎರಡು ರೂಮು, ಒಂದು ಅಡುಗೆಮನೆ ತಾನೇ ಸಾರ್? ಆರೂವರೆ ಸಾವಿರ. ಎಲ್ಲಾ ಸೇರಿ. ನೀವು ಕೈಕಟ್ಟಿ ನಿಂತಿರಿ, ಸಾಕು.”

ದರ ಕಡಿಮೆಯಿತ್ತು. ಕಡಿಮೆಯಿತ್ತು ಎಂಬುದೇ ಅವನಿಗೆ ಚುಚ್ಚಿತು. ಮಾರನೆಯ ದಿನ ಹೆಂಡತಿಯ ಫೋನಿನಿಂದ, ಬೇರೆ ಯಾರೋ ಎಂಬಂತೆ ದನಿ ಬದಲಿಸಿ, ಅದೇ ಮನೆಯ ವಿವರ ಹೇಳಿ ದರ ಕೇಳಿದ. ಈ ಸಲ ಒಂಬತ್ತು ಸಾವಿರ ಎಂದರು. “ನೋಡಿದ್ಯಾ?” ಎಂದು ಹೆಂಡತಿಯ ಕಡೆ ತಿರುಗಿದ. ಅವಳು ಕೆಲಸಕ್ಕೆ ಹೊರಟು ನಿಂತಿದ್ದಳು. “ನೋಡ್ದೆ. ನಿಮ್ಮ ದನಿ ಬದಲಾಯಿಸಿದ್ದಕ್ಕೆ ಎರಡೂವರೆ ಸಾವಿರ ಹಾಕಿದಾರೆ” ಎಂದು ಚೀಲ ಹೆಗಲಿಗೇರಿಸಿದಳು.

ಎರಡನೆಯ ಕಂಪನಿಯಿಂದ ಮನೆಗೇ ಒಬ್ಬ ಬಂದ. ಐವತ್ತರ ಆಸುಪಾಸಿನ ಗಿಡ್ಡ ಆಳು, ಸೊಂಟದಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಕೂಲಿಯವರ ಮೇಸ್ತ್ರಿಯೂ ತಾನೇ, ಲೆಕ್ಕ ಬರೆಯುವವನೂ ತಾನೇ ಎಂದ. ಒಳಗೆ ಬಂದವನು ನೀರು ಕೂಡ ಕುಡಿಯದೆ ಬಾಗಿಲಿನ ಚೌಕಟ್ಟಿಗೆ ಟೇಪು ಹಿಡಿದ. ಮಂಚದ ಕೆಳಗೆ ಬಗ್ಗಿದ. ಗೋಡೆಯ ಮೇಲಿದ್ದ ಹಳೆಯ ಗೀರುಗಳ ಫೋಟೋ ತೆಗೆದುಕೊಂಡ. ಮತ್ತೆ ಮೆಟ್ಟಿಲ ಬಳಿ ಹೋಗಿ ಒಂದೊಂದೇ ಎಣಿಸುತ್ತ ಕೆಳಗಿಳಿದು ಮೇಲೆ ಬಂದ. “ಐವತ್ತೆಂಟು” ಎಂದು ಬರೆದುಕೊಂಡ.

“ಮನೇಲಿ ಯಾರ್ಯಾರು ಎಷ್ಟು ಹೊತ್ತಿಗೆ ಇರ್ತೀರಿ ಸಾರ್? ಕೆಳಗಿನ ಮನೆಯವರು ಬೆಳಿಗ್ಗೆ ಎಷ್ಟೊತ್ತಿಗೆ ಆಚೆ ಹೋಗ್ತಾರೆ?”

“ಅದೆಲ್ಲ ಯಾಕೆ ನಿಮಗೆ?”

“ಮೆಟ್ಟಿಲು ಯಾವಾಗ ಖಾಲಿ ಇರುತ್ತೆ ಅಂತ ಗೊತ್ತಾಗಬೇಕಲ್ಲ ಸಾರ್.”

ಭೂತಗನ್ನಡಿ ಗೋಡೆಗೊರಗಿ ನಿಂತು ಅವನ ಕಣ್ಣುಗಳನ್ನೇ ಗಮನಿಸಿದ. ಅತ್ತೆಯ ಕೋಣೆಯ ಕಬ್ಬಿಣದ ಬೀರುವಿನ ಮುಂದೆ ಮೇಸ್ತ್ರಿ ಉಳಿದೆಲ್ಲದಕ್ಕಿಂತ ಹೆಚ್ಚು ಹೊತ್ತು ನಿಂತ. ಬೆರಳಿನಿಂದ ಅದರ ಪಕ್ಕೆಗೆ ತಟ್ಟಿದ.

“ಇದು ಖಾಲಿನಾ, ಭರ್ತಿನಾ?”

ಮಂಚದ ಮೇಲೆ ಕೂತಿದ್ದ ಅತ್ತೆ ತಟ್ಟನೆ ಹೇಳಿದರು: “ಖಾಲಿ. ಸೀರೆ ಎಲ್ಲಾ ಆಗಲೇ ತೆಗೆದಿಟ್ಟಿದೀನಿ.”

ಮೇಸ್ತ್ರಿ ಬರೆದುಕೊಂಡ. ಅಲ್ಲಿಗೆ ಮುಗಿಯಲಿಲ್ಲ. ಹೊಸ ಮನೆಯನ್ನೂ ನೋಡಬೇಕೆಂದ. ಅಲ್ಲಿಗೂ ಹೋಗಿ, ಗಲ್ಲಿಯ ಬಾಯಿಯಿಂದ ಮನೆಯವರೆಗೆ ಹೆಜ್ಜೆ ಹಾಕಿ, ಎಪ್ಪತ್ತು ಹೆಜ್ಜೆ ಎಂದು ಗುರುತು ಮಾಡಿಕೊಂಡ. ಗಲ್ಲಿಗೆ ಲಾರಿ ಹೋಗುವುದಿಲ್ಲ, ಮುಖ್ಯ ರಸ್ತೆಯಲ್ಲಿ ಮಧ್ಯಾಹ್ನ ಹನ್ನೆರಡರವರೆಗೆ ಮಾತ್ರ ನಿಲ್ಲಿಸಬಹುದು, ಆದ್ದರಿಂದ ಒಬ್ಬ ಹೆಚ್ಚುವರಿ ಆಳು ಬೇಕು, ಒಂದು ತಳ್ಳುಗಾಡಿ ಬೇಕು. ಹೀಗೆ ಒಂದಕ್ಕೊಂದು ಸೇರಿಸಿ ಹದಿಮೂರು ಸಾವಿರದ ಚೀಟಿ ಕೊಟ್ಟ. ಮಹಡಿಗೆ ಇಷ್ಟು, ಹೊರುವ ದೂರಕ್ಕೆ ಇಷ್ಟು, ಗಾಜಿನ ಸಾಮಾನು ಸುತ್ತಲು ಇಷ್ಟು ಎಂದು ಪ್ರತಿಯೊಂದನ್ನೂ ಬಿಡಿಸಿ ಬರೆದಿದ್ದ. ಕೊನೆಯ ಸಾಲಿನಲ್ಲಿ, ಹೇಳಿದ್ದಕ್ಕಿಂತ ಸಾಮಾನು ಹೆಚ್ಚಿದ್ದರೆ ಅದರ ಕೂಲಿ ಬೇರೆ ಎಂದಿತ್ತು. ಭೂತಗನ್ನಡಿ ಆ ಸಾಲನ್ನು ಮೂರು ಸಲ ಓದಿದ.

ಹೆಂಡತಿಯ ಕೈಯಲ್ಲಿ ಮೇಸ್ತ್ರಿಗೂ ಫೋನ್ ಮಾಡಿಸಿದ. ವಿಳಾಸ ಹೇಳುತ್ತಿದ್ದಂತೆ ಆ ಕಡೆಯಿಂದ ಮೇಸ್ತ್ರಿ, “ಮೇಡಂ, ಆ ಐವತ್ತೆಂಟು ಮೆಟ್ಟಿಲಿನ ಮನೆ ತಾನೇ? ನಿಮ್ಮ ಯಜಮಾನ್ರಿಗೆ ಕೊಟ್ಟ ರೇಟೇ ನಿಮಗೂ” ಎಂದ. ಅವಳು ನಗು ತಡೆಯಲಾರದೆ ಫೋನ್ ಇಟ್ಟಳು.

ನೆಲಮಹಡಿಯಲ್ಲಿದ್ದ ನಿವೃತ್ತ ಬಸ್ ಕಂಡಕ್ಟರ್ ಇನ್ನೊಂದು ಹುಳ ಬಿಟ್ಟರು. ತಮ್ಮ ಭಾವಮೈದುನನ ಸಾಮಾನನ್ನು ಯಾರೋ ಅಗ್ಗದ ದರಕ್ಕೆ ಒಪ್ಪಿಕೊಂಡು, ಲಾರಿಗೆ ತುಂಬಿಸಿದ ಮೇಲೆ ಎರಡು ಪಟ್ಟು ಕೇಳಿದರಂತೆ. ಕೊಡುವವರೆಗೂ ಲಾರಿಯ ಬಾಗಿಲು ತೆಗೆಯಲಿಲ್ಲವಂತೆ. “ಮೂರು ದಿನ ಉಟ್ಟ ಬಟ್ಟೇಲೇ ಇದ್ದ ಕಣ್ರೀ, ಪಾಪ.”

“ಅಳೆದು ನೋಡಿದವರಿಗೇ ಕೊಡೋಣ” ಎಂದಳು ಹೆಂಡತಿ.

“ಅಳೆದದ್ದು ಯಾಕೆ ಅಂತ ಯೋಚಿಸಿದೀಯಾ?”

“ಹೊರೋದಕ್ಕೆ ರೀ.”

ಬೇರೆ ದಾರಿ ಕಾಣದೆ ಒಪ್ಪಿ ಚೀಟಿಗೆ ಸೈನು ಹಾಕಿದ. ಆದರೆ ಖರ್ಚು ಇಳಿಸಲು ಏನಾದರೂ ಮಾಡಬೇಕಲ್ಲ. ಆ ಸಂಜೆ ಊಟದ ಹೊತ್ತಿನಲ್ಲಿ, “ಆ ಹಳೇ ಬೀರು ಒಂದನ್ನ ತೂಕಕ್ಕೆ ಹಾಕಿಬಿಟ್ರೆ ಒಬ್ಬ ಆಳಿನ ಕೂಲಿ ಉಳಿಯುತ್ತೆ” ಎಂದ. ಅತ್ತೆ ತಟ್ಟೆಯಿಂದ ತಲೆ ಎತ್ತಲಿಲ್ಲ. “ಅದು ನನ್ನ ಜೊತೆ ಬರುತ್ತೆ” ಎಂದಷ್ಟೇ ಹೇಳಿ ಕೈ ತೊಳೆಯಲು ಎದ್ದರು. ಅಂದಿನಿಂದ ಅವರು ಕೋಣೆಯ ಬಾಗಿಲು ಹಾಕಿಕೊಂಡು ಮಲಗತೊಡಗಿದರು. ಅದೂ ಅವನ ಕಣ್ಣಿಗೆ ಬಿತ್ತು.

ಸಾಗಿಸುವ ದಿನ ಬೆಳಿಗ್ಗೆ ಏಳಕ್ಕೆ ಲಾರಿ ಬಂತು. ಮೇಸ್ತ್ರಿಯ ಜೊತೆ ಐದು ಆಳು. ಭೂತಗನ್ನಡಿ ಹಿಂದಿನ ದಿನವೇ ಪ್ರತಿ ಪೆಟ್ಟಿಗೆಯ ತಳದಲ್ಲಿ ಸಣ್ಣ ಅಂಕಿ ಬರೆದು, ಅದೇ ಅಂಕಿಗಳನ್ನು ಒಂದು ಪುಸ್ತಕಕ್ಕೆ ಇಳಿಸಿಕೊಂಡಿದ್ದ. ಹೆಂಡತಿಯನ್ನು ಹೊಸ ಮನೆಯಲ್ಲಿ ಕಾವಲಿಗೆ ಕಳಿಸಿದ್ದ. ಅತ್ತೆ ಮೇಲೆ, ತಾನು ಲಾರಿಯ ಬಳಿ. ಆಳುಗಳು ಇಳಿಸಿದ ಪ್ರತಿ ಪೆಟ್ಟಿಗೆಯನ್ನೂ ಬಗ್ಗಿ ನೋಡಿ ಗೀಟು ಹಾಕುತ್ತಿದ್ದ. ಎಲ್ಲರಿಗಿಂತ ಎತ್ತರದ ಆಳನ್ನು ಉಳಿದವರು ಉದ್ದಣ್ಣ ಎನ್ನುತ್ತಿದ್ದರು. ಅವನು ಮಾತಾಡದವನು. ಪೆಟ್ಟಿಗೆ ಕೆಳಗಿಡುವಾಗಲೆಲ್ಲ, ಅಂಕಿ ಕಾಣುವಂತೆ ತಾನೇ ಒಂದು ಬದಿ ಎತ್ತಿ ಹಿಡಿಯುತ್ತಿದ್ದ. ಇವನಿಗೆ ಅಂಕಿಯ ಗುಟ್ಟು ಹೇಗೆ ಗೊತ್ತಾಯಿತು ಎಂದು ಭೂತಗನ್ನಡಿಗೆ ಹೊಸ ಅನುಮಾನ.

ಒಂಬತ್ತೂವರೆಗೆ ಮೇಲಿನಿಂದ ಮೇಸ್ತ್ರಿಯ ದನಿ ಕೇಳಿತು. “ಅಮ್ಮ, ಖಾಲಿ ಬೀರು ಇಷ್ಟು ಭಾರ ಇರಲ್ಲ.”

“ಹಳೇ ಕಾಲದ್ದು. ತಗಡು ದಪ್ಪ” ಎಂದರು ಅತ್ತೆ.

ನಾಲ್ವರು ಬೀರುವಿಗೆ ಪಟ್ಟಿ ಬಿಗಿದು ಇಳಿಸತೊಡಗಿದರು. ಎರಡನೆಯ ಮಹಡಿಯ ಕೆಳಗಿನ ತಿರುವಿನಲ್ಲಿ ಅದನ್ನು ಓರೆ ಮಾಡಿದಾಗ ಒಳಗೆ ಏನೋ ಜಾರಿತು. ಮೊದಲು ಒಂದು ಧಡಾರ್, ಅದರ ಬೆನ್ನಿಗೆ ಸಾವಿರಾರು ಸಣ್ಣ ಲೋಹದ ಚೂರುಗಳು ಒಟ್ಟಿಗೆ ಸುರಿದಂತೆ ಝಲ್ಲೆಂಬ ಸದ್ದು. ಭಾರ ಒಂದೇ ಬದಿಗೆ ವಾಲಿ, ಬೀರು ಗೋಡೆಗೂ ಕಟಕಟೆಗೂ ನಡುವೆ ಸಿಕ್ಕಿಕೊಂಡಿತು. ಕೆಳಗಿದ್ದ ಉದ್ದಣ್ಣ ಹೆಗಲು ಕೊಟ್ಟು ತಡೆಯದಿದ್ದರೆ ಅದು ನೆಲಮಹಡಿಯವರೆಗೂ ಹೋಗುತ್ತಿತ್ತು.

ಸದ್ದಿಗೆ ಭೂತಗನ್ನಡಿ ಎರಡೆರಡು ಮೆಟ್ಟಿಲು ಹಾರುತ್ತ ಓಡಿ ಬಂದ. ಆಳುಗಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಎಲ್ಲರ ತಲೆಯಲ್ಲೂ ಒಂದೇ ಮಾತು ಓಡುತ್ತಿರಬೇಕು. ಅವನ ತಲೆಯಲ್ಲಂತೂ ಓಡಿತು: ನಾಣ್ಯ. ಮುದುಕಿ ಇಷ್ಟು ವರ್ಷ ನಮ್ಮ ಜೊತೆ ಉಂಡು, ಬೆಳ್ಳಿಯನ್ನು ಬೀರು ತುಂಬ ಅಡಗಿಸಿಟ್ಟಿದ್ದಾಳೆ.

ಎರಡನೆಯ ಮಹಡಿಯ ಹೆಂಗಸು ಕೆಲಸಕ್ಕೆ ಹೊರಟವಳು ಬೀರುವಿನ ಆಚೆ ನಿಂತಳು. “ನಾನು ಹೇಗ್ರೀ ಇಳೀಲಿ? ರಜಾ ಚೀಟಿ ನೀವೇ ಬರ್ಕೊಡಿ.” ಕೆಳಗಿನಿಂದ ಕಂಡಕ್ಟರ್, “ಯಾರಿಗಾದ್ರೂ ಏಟಾಯ್ತೇನ್ರೀ?” ಎಂದು ಕೂಗುತ್ತಿದ್ದರು.

ಮೇಸ್ತ್ರಿ ಹಣೆ ಒರೆಸಿಕೊಂಡ. “ಅಮ್ಮ, ಬೀಗದ ಕೈ ಕೊಡಿ. ಒಳಗಿರೋದನ್ನ ತೆಗೀದೆ ಇದು ಅಲ್ಲಾಡಲ್ಲ.”

“ಕೈ ಕಳೆದುಹೋಗಿದೆ.”

“ಅತ್ತೆ!” ಎಂದ ಭೂತಗನ್ನಡಿ. “ಒಳಗೇನಿದೆ?”

ಅವರು ಅಳಿಯನ ಕಡೆ ನೋಡಲೇ ಇಲ್ಲ. ಕಟಕಟೆ ಹಿಡಿದು, ಒಂದೊಂದೇ ಮೆಟ್ಟಿಲು ಇಳಿದು ಬಂದು, ಮೇಸ್ತ್ರಿಗೆ ಮಾತ್ರ ಕೇಳುವಂತೆ ಹೇಳಲು ಹೋದರು. ಆದರೆ ಎಲ್ಲರಿಗೂ ಕೇಳಿತು. “ನೀವೊಬ್ರೇ ಇರೋದಾದ್ರೆ ತೆಗೀತೀನಿ. ಅಳಿಯಂದ್ರು ಕೆಳಗೆ ಹೋಗಲಿ.”

ಭೂತಗನ್ನಡಿಯ ಮುಖ ಕಪ್ಪಿಟ್ಟಿತು. ಹತ್ತು ವರ್ಷ ಒಂದೇ ಸೂರಿನಡಿ ಇದ್ದವರಿಗೆ ತನಗಿಂತ ಈ ಟೇಪಿನವನ ಮೇಲೆ ನಂಬಿಕೆ!

ಮೇಸ್ತ್ರಿ ಎರಡು ಹೆಜ್ಜೆ ಹಿಂದೆ ಸರಿದ. “ಬೇಡಮ್ಮ. ಮನೆಯವರು ಎದುರಿಗಿಲ್ಲದೆ ನಾನು ಬೀಗ ಮುಟ್ಟಲ್ಲ. ನಾಳೆ ಒಂದು ಕಮ್ಮಿ ಅಂದ್ರೆ ನನ್ನ ಕೊರಳಿಗೆ ಬರುತ್ತೆ. ಒಳಗಿರೋದು ಏನು ಅಂತಾನೂ ನನಗೆ ಗೊತ್ತಿಲ್ಲ. ಪೊಲೀಸಿಗೆ ಸಂಬಂಧಪಟ್ಟ ಮಾಲಾದ್ರೆ ಈಗಲೇ ಹೇಳಿಬಿಡಿ, ನನ್ನ ಆಳುಗಳನ್ನ ಕರ್ಕೊಂಡು ಹೊರಡ್ತೀನಿ.”

ಪೊಲೀಸು ಎಂಬ ಮಾತು ಕೇಳಿದ್ದೇ ಅತ್ತೆ ರವಿಕೆಯೊಳಗಿಂದ ಕೀಲಿ ತೆಗೆದು, ಓರೆಯಾಗಿ ಬಿದ್ದಿದ್ದ ಬೀರುವಿನ ಕೆಳಖಾನೆಯ ಬೀಗ ತಾವೇ ತೆಗೆದರು. ಒಳಗೆ ಬಿಸ್ಕತ್ತಿನ ಹಳೆಯ ತಗಡು ಡಬ್ಬಿಗಳು. ಎರಡರ ಮುಚ್ಚಳ ಬಿಚ್ಚಿಕೊಂಡು, ಖಾನೆಯ ತುಂಬ ಬೂದುಬಣ್ಣದ ಸಣ್ಣ ಸಣ್ಣ ಕಡ್ಡಿಗಳು ಚೆಲ್ಲಿದ್ದವು. ಭೂತಗನ್ನಡಿ ಒಂದನ್ನು ಎತ್ತಿ ನೋಡಿದ. ತುದಿಯಲ್ಲಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾದ ಒಂದು ಅಕ್ಷರ.

“ಅಚ್ಚುಮೊಳೆ” ಎಂದರು ಅತ್ತೆ, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು.

ಮಾವ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವ ಕೆಲಸದಲ್ಲಿದ್ದರು ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಅತ್ತೆ ಈಗ ಹೇಳಿದರು. ಮುದ್ರಣಾಲಯ ಮುಚ್ಚಿದಾಗ ಹನ್ನೊಂದು ತಿಂಗಳ ಸಂಬಳ ಬಾಕಿ ಇತ್ತು. ಮಾಲೀಕನ ಬಳಿ ಕೊಡಲು ಏನೂ ಇರಲಿಲ್ಲ. ಬೇಕಾದ್ದು ತಗೊಂಡು ಹೋಗು ಎಂದನಂತೆ. ಬೇರೆಯವರು ಕುರ್ಚಿ, ಫ್ಯಾನು ಹೊತ್ತುಕೊಂಡು ಹೋದರು. ಇವರು ಎರಡು ವಾರ, ದಿನಾ ಊಟದ ಚೀಲದಲ್ಲಿ ತಾವು ಜೋಡಿಸುತ್ತಿದ್ದ ಅಕ್ಷರಗಳನ್ನು ತುಂಬಿಸಿಕೊಂಡು ಬಂದರು.

“ನನಗೆ ಆಗ ಎಷ್ಟು ಸಿಟ್ಟು ಬಂದಿತ್ತು ಗೊತ್ತಾ? ಸಂಬಳ ತನ್ನಿ ಅಂದ್ರೆ ಸೀಸ ತಂದಿದಾರೆ ಅಂತ. ಎರಡು ತಿಂಗಳು ಮಾತು ಬಿಟ್ಟಿದ್ದೆ.” ಅವರು ಮಂಡಿ ನೀವಿಕೊಂಡರು. “ಅವರು ಹೋದ ಮೇಲೆ ಮಾರೋಕೆ ಮನಸ್ಸು ಬರಲಿಲ್ಲ. ನೀವು ತೂಕಕ್ಕೆ ಹಾಕೋಣ ಅಂದ್ರಲ್ಲ, ಬೀರು ತಗಡಿಗೇ ಆಸೆ ಪಟ್ಟವರು ಒಳಗಿರೋದು ನೋಡಿದ್ರೆ ಬಿಡ್ತಾರಾ ಅನ್ನಿಸ್ತು.”

ಭೂತಗನ್ನಡಿ ಕೈಯಲ್ಲಿದ್ದ ಮೊಳೆಯನ್ನು ಮತ್ತೆ ಖಾನೆಗೆ ಹಾಕಿದ. ನೋಡಿದ್ದರೆ ಖಂಡಿತ ಬಿಡುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಮೇಸ್ತ್ರಿ ಗಂಟಲು ಸರಿಮಾಡಿಕೊಂಡು ಚೀಟಿ ಹೊರತೆಗೆದ. “ಸಾರ್, ತಪ್ಪು ತಿಳೀಬೇಡಿ. ‘ಬೀರು ಖಾಲಿ’ ಅಂತ ಬರೆದಿದೆ, ಕೆಳಗೆ ನಿಮ್ಮ ಸೈನು. ಡಬ್ಬಿ ಬೇರೆ ಇಳಿಸಬೇಕು, ಚೆಲ್ಲಿದ್ದು ತುಂಬಬೇಕು. ಒಂದು ಗಂಟೆ ಕೆಲಸ. ಎಂಟುನೂರು ಜಾಸ್ತಿ ಆಗುತ್ತೆ.”

“ಇದನ್ನೇ ಕಾಯ್ತಿದ್ದೆ” ಎಂದ ಭೂತಗನ್ನಡಿ. ಅಲ್ಲಿಯವರೆಗೆ ಎತ್ತ ತಿರುಗಿಸಬೇಕೆಂದು ತಿಳಿಯದಿದ್ದ ಸಿಟ್ಟಿಗೆ ದಾರಿ ಸಿಕ್ಕಿತು. “ಶುರುವಿಂದಾನೂ ಈ ಬೀರು ಮೇಲೆ ನಿಮ್ಮ ಕಣ್ಣಿತ್ತು. ಡಬ್ಬಿ ನಾನೇ ಹೊರ್ತೀನಿ. ಆಗ ಎಕ್ಸ್‌ಟ್ರಾ ಇಲ್ಲ ತಾನೇ?”

“ನಿಮ್ಮಿಷ್ಟ ಸಾರ್. ಬಿದ್ದು ಕಾಲು ಮುರಿದ್ರೆ ನನ್ನ ಕೇಳಲ್ಲ ಅಂತ ಒಂದು ಸಾಲು ಬರೆದುಕೊಡಿ.”

ಬರೆದುಕೊಟ್ಟ. ಚೆಲ್ಲಿದ್ದನ್ನು ಅತ್ತೆ ಕೂತಲ್ಲೇ ಬಾಚಿ ಡಬ್ಬಿಗೆ ತುಂಬಿದರು. ಅವನು ಎರಡೆರಡು ಡಬ್ಬಿ ಎದೆಗವಚಿಕೊಂಡು ಇಳಿಯತೊಡಗಿದ. ಒಂದೊಂದು ಐದಾರು ಕಿಲೋ. ದಿನವಿಡೀ ಸ್ಟೂಲಿನ ಮೇಲೆ ಕೂತು ಕೂದಲೆಳೆಯಂಥ ಸ್ಪ್ರಿಂಗು ಹಿಡಿಯುವ ಕೈ ಅದು. ಮೂರನೆಯ ಸುತ್ತಿಗೆ ತೊಡೆ ನಡುಗಿತು. ನಾಲ್ಕನೆಯದರಲ್ಲಿ ಉಸಿರು ಕಟ್ಟಿ, ಕೆಳಗಿನ ಬಾಗಿಲ ಬಳಿ ಗೋಡೆ ಹಿಡಿದು ನಿಂತ. ಐದನೆಯದಕ್ಕೆ ಮೇಲೆ ಬಂದವನು ಪಕ್ಕಕ್ಕೆ ಸರಿದ. ಮಿಕ್ಕ ಡಬ್ಬಿಗಳನ್ನು ಉದ್ದಣ್ಣ ಒಂದೇ ಸುತ್ತಿಗೆ ಹೊತ್ತೊಯ್ದ. ಮೇಸ್ತ್ರಿ ಎಂಟುನೂರನ್ನು ಹೊಡೆದು ನಾನೂರು ಎಂದು ತಿದ್ದಿ ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿದ. ಹಗುರಾದ ಬೀರು ಐದೇ ನಿಮಿಷದಲ್ಲಿ ತಿರುವು ದಾಟಿತು.

ಅತ್ತೆಯನ್ನು ಆಟೋದಲ್ಲಿ ಕೂರಿಸಿಕೊಂಡು ಲಾರಿಯ ಹಿಂದೆಯೇ ಹೊಸ ಮನೆ ತಲುಪುವಾಗ ಹನ್ನೊಂದೂಮುಕ್ಕಾಲು. ಲಾರಿಯನ್ನು ಲಗುಬಗೆಯಿಂದ ಖಾಲಿ ಮಾಡಿ, ಸಾಮಾನನ್ನೆಲ್ಲ ತಳ್ಳುಗಾಡಿಯಲ್ಲಿ ಗಲ್ಲಿಯೊಳಗೆ ಸಾಗಿಸಿದರು. ಭೂತಗನ್ನಡಿಯ ಪುಸ್ತಕದಲ್ಲಿ ಎಲ್ಲ ಅಂಕಿಗಳಿಗೂ ಗೀಟು ಬಿತ್ತು. ಪುಸ್ತಕದಲ್ಲಿ ಇಲ್ಲದ್ದು ಡಬ್ಬಿಗಳು ಮಾತ್ರ. ಅತ್ತೆ ಅವನ್ನು ಗೋಡೆಗೆ ಸಾಲಾಗಿ ಇಡಿಸಿ ಎಣಿಸಿದರು. ಇನ್ನೊಮ್ಮೆ ಎಣಿಸಿದರು.

“ಹದಿನಾಲ್ಕು. ಹದಿನೈದಿರಬೇಕು. ಒತ್ತಕ್ಷರದ ಡಬ್ಬಿ ಇಲ್ಲ.”

“ನನಗೆ ಗೊತ್ತಿತ್ತು” ಎಂದ ಭೂತಗನ್ನಡಿ. ಅವನ ದನಿ ತಣ್ಣಗಿತ್ತು. ನೇರ ಉದ್ದಣ್ಣನ ಮುಂದೆ ಹೋಗಿ ನಿಂತ. “ಕೊನೇ ಸುತ್ತು ನೀನೊಬ್ನೇ ಹೊತ್ತದ್ದು. ದಾರೀಲಿ ಏನು ಮಾಡ್ದೆ?”

“ರೀ!” ಎಂದಳು ಹೆಂಡತಿ.

ಮೇಸ್ತ್ರಿಯ ಮುಖದಲ್ಲಿ ಬೆಳಗಿನಿಂದ ಇದ್ದ ತಾಳ್ಮೆ ಇಳಿದುಹೋಯಿತು. ಆದರೂ ಅವನು ಜಗಳಕ್ಕೆ ನಿಲ್ಲಲಿಲ್ಲ. ಆಳುಗಳನ್ನು ಸಾಲಾಗಿ ನಿಲ್ಲಿಸಿ, “ಚೀಲ ಬಿಚ್ಚಿ” ಎಂದ. ಊಟದ ಡಬ್ಬಿ, ಬದಲಿ ಅಂಗಿ, ಹಗ್ಗ, ಬೀಡಿ ಕಟ್ಟು ಹೊರಬಿದ್ದವು. ಉದ್ದಣ್ಣ ತನ್ನ ಚೀಲವನ್ನು ನೆಲಕ್ಕೆ ಕೊಡವಿ, ಜೇಬುಗಳನ್ನು ಒಳಹೊರಗು ಮಾಡಿ ತೋರಿಸಿದ. ಆರು ಕಿಲೋ ಡಬ್ಬಿ ಜೇಬಿನಲ್ಲಿ ಹಿಡಿಸುವುದಿಲ್ಲ ಎಂದು ಯಾರೂ ಹೇಳಲಿಲ್ಲ. ಅವನ ಅಂಗಿಯ ಎಡ ಹೆಗಲು ಹರಿದಿತ್ತು. ಬೀರು ತಡೆದ ಜಾಗ ಊದಿಕೊಂಡಿತ್ತು. ನರ್ಸ್ ಹೆಂಡತಿಯ ಕಣ್ಣು ಅಲ್ಲೇ ನೆಟ್ಟಿತು.

ಅಷ್ಟರಲ್ಲಿ ಭೂತಗನ್ನಡಿಯ ಫೋನ್ ಮೊಳಗಿತು. ಹಳೆಯ ಮನೆಯ ಕಂಡಕ್ಟರ್.

“ಅಲ್ಲ ಮಾರಾಯ್ರೆ, ಇಲ್ಲಿ ಬೀದಿ ಬಾಗಿಲ ಹಿಂದೆ ಒಂದು ಡಬ್ಬಿ ಬಿಟ್ಟು ಹೋಗಿದೀರಲ್ಲ? ನೀವು ಏದುಸಿರು ಬಿಡ್ತಾ ಕೆಳಗಿಟ್ಟಿದ್ದು ನಾನೇ ನೋಡ್ದೆ. ಎತ್ತಿಡೋಣ ಅಂದ್ರೆ ಸೊಂಟ ಮುರೀತು. ಏನ್ರೀ ಅದು, ಗುಂಡುಕಲ್ಲಾ?”

ಕಂಡಕ್ಟರದು ಬಸ್ಸಿನ ತುದಿಯವರೆಗೂ ಕೇಳಿಸುವ ಗಂಟಲು. ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿತು. ಭೂತಗನ್ನಡಿ ಫೋನನ್ನು ಜೇಬಿಗೆ ಹಾಕಿದ, ಮತ್ತೆ ತೆಗೆದ, ಮತ್ತೆ ಹಾಕಿದ. ಉದ್ದಣ್ಣ ನೆಲದ ಮೇಲೆ ಬಿದ್ದ ಸಾಮಾನನ್ನು ಒಂದೊಂದಾಗಿ ಚೀಲಕ್ಕೆ ತುಂಬಿಕೊಳ್ಳುತ್ತಿದ್ದ.

“ತಪ್ಪಾಯ್ತು” ಎಂದ ಭೂತಗನ್ನಡಿ. ಸಾಲದೆನ್ನಿಸಿ, “ನಾನು ಹಾಗೆ ಕೇಳಬಾರದಿತ್ತು” ಎಂದೂ ಸೇರಿಸಿದ.

ಉದ್ದಣ್ಣ ಚೀಲದ ಬಾಯಿ ಕಟ್ಟಿದ. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು. “ವಾರಕ್ಕೆ ನಾಲ್ಕು ಮನೆ ಸಾಗಿಸ್ತೀವಿ ಸಾರ್. ಎರಡು ಮನೇಲಿ ಚೀಲ ಬಿಚ್ಚಿಸ್ತಾರೆ. ಪೆಟ್ಟಿಗೆ ತಳದಲ್ಲಿ ನಂಬರು ಬರೆಯೋರೂ ಇರ್ತಾರೆ, ಅದಕ್ಕೇ ಕಾಣೋ ಹಾಗೆ ಹಿಡೀತೀನಿ. ಕಳೆದದ್ದು ಸಿಕ್ಕಿದ ಮೇಲೆ ತಪ್ಪಾಯ್ತು ಅನ್ನೋರು ಕಮ್ಮಿ.” ಅವನು ಅದನ್ನು ಕ್ಷಮೆಯಂತೆಯೂ ಹೇಳಲಿಲ್ಲ, ದೂರಿನಂತೆಯೂ ಹೇಳಲಿಲ್ಲ.

ಹೆಂಡತಿ ಪೆಟ್ಟಿಗೆಯೊಂದನ್ನು ಹರಿದು, ಮುಲಾಮು ಹುಡುಕಿ, ಉದ್ದಣ್ಣನ ಹೆಗಲಿಗೆ ಹಚ್ಚಿ ಪಟ್ಟಿ ಕಟ್ಟಿದಳು. ಭೂತಗನ್ನಡಿ ಹದಿಮೂರು ಸಾವಿರದ ನಾನೂರನ್ನು ಮೇಸ್ತ್ರಿಯ ಕೈಗಿಟ್ಟ. ಉದ್ದಣ್ಣನಿಗೆಂದು ಬೇರೆಯಾಗಿ ಕೊಡಲು ಹೋದದ್ದನ್ನು ಅವನು ತೆಗೆದುಕೊಳ್ಳಲಿಲ್ಲ. ಮೇಸ್ತ್ರಿ ಮಾತ್ರ ಹಣವನ್ನು ಎರಡು ಸಲ ಎಣಿಸಿ, ಒಂದು ನೋಟನ್ನು ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟುಕೊಂಡ.

ಲಾರಿ ಹೋದ ಮೇಲೆ ಅವನು ಬಸ್ಸು ಹಿಡಿದು ಹಳೆಯ ಮನೆಗೆ ಹೋದ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸಾಗುವಾಗ, ಬಸ್ಸು ಕುಲುಕಿದಾಗಲೆಲ್ಲ ಒಳಗೆ ಝಲ್ ಎನ್ನುತ್ತಿತ್ತು. ಪಕ್ಕದಲ್ಲಿ ಕೂತಿದ್ದವನು ಡಬ್ಬಿಯನ್ನು ನೋಡಿದ, ಅವನ ಮುಖ ನೋಡಿದ, ತನ್ನ ಚೀಲವನ್ನು ಕಾಲ ನಡುವೆ ಎಳೆದುಕೊಂಡು ಮುಂದಿನ ನಿಲ್ದಾಣದಲ್ಲಿ ಬೇರೆ ಸೀಟಿಗೆ ಹೋದ.

ಮನೆಯಲ್ಲಿ ಅತ್ತೆ ನೆಲದ ಮೇಲೆ ಹಳೆಯ ಸೀರೆ ಹಾಸಿಕೊಂಡು, ಚೆಲ್ಲಿ ಬೆರೆತುಹೋದ ಮೊಳೆಗಳನ್ನು ಬೇರೆ ಮಾಡುತ್ತ ಕೂತಿದ್ದರು. ಅವನು ಡಬ್ಬಿಯನ್ನು ಅವರ ಮುಂದಿಟ್ಟ. ಅವರು ಮುಚ್ಚಳ ತೆಗೆದರು. ಅವನ ಕಡೆ ಒಮ್ಮೆ ನೋಡಿದರು. ಆಮೇಲೆ ಒಂದೊಂದು ಹಿಡಿ ತೆಗೆದು ಸೀರೆಯ ಮೇಲೆ ಹರಡಿ, ಕಡಿಮೆಯಾಗಿದೆಯೇ ಎಂದು ಪರೀಕ್ಷಿಸತೊಡಗಿದರು.

“ನಿಧಾನವಾಗಿ ನೋಡಿಕೊಳ್ಳಿ ಅತ್ತೆ” ಎಂದ ಭೂತಗನ್ನಡಿ. “ನಾನು ಇಲ್ಲೇ ಇರ್ತೀನಿ.”

ಅವರು ಬೇಡ ಎನ್ನಲಿಲ್ಲ. ಡಬ್ಬಿಯ ತಳ ಕಾಣುವವರೆಗೂ ನೋಡಿದರು.